ಏಕಾದಶಿಯ ನಾಲಿಗೆ

ಶಾಲು ಹೊದಿಸಿಕೊಳ್ಳುವ ದಿನ ಯಾವ ಅಂಗಿ ಹಾಕಿಕೊಳ್ಳಬೇಕು ಎಂಬ ಪ್ರಶ್ನೆ ಜಯತೀರ್ಥನಿಗೆ ಐವತ್ಮೂರು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಇವತ್ತು ಬಂದಿತ್ತು, ಅವನ ಪರವಾಗಿ ಸುಹಾಸಿನಿ ಉತ್ತರವನ್ನೂ ಹುಡುಕಿ, ಇಸ್ತ್ರಿ ಮಾಡಿ, ಮಂಚದ ಮೇಲೆ ಹಾಸಿ ಇಟ್ಟಿದ್ದಳು. ತಿಳಿನೀಲಿ ಅಂಗಿ. "ಮರೂನ್ ಶಾಲಿಗೆ ಇದು ಛಲೋ ಒಪ್ಪತದ್ರೀ" ಎಂದಳು. "ಶಾಲು ಮರೂನ್ ಅಂತ ನಿನಗ ಯಾರು ಹೇಳಿದ್ರು?" ಎಂದು ಇವನು ರೇಗಿದರೆ, "ಎಲ್ಲಾ ಶಾಲೂ ಮರೂನ್ನೇ ಇರ್ತಾವ" ಎಂದು ನಕ್ಕಳು. ಹೆಂಡತಿ ನಗುತ್ತಿದ್ದಾಳಲ್ಲ ಎಂದು ಅವನಿಗೆ ಇನ್ನಷ್ಟು ಸಂಕಟವಾಯಿತು. ನಿನ್ನೆ ಸಂಜೆ ಅವಳಿಗೆ ಅವನು ಹೇಳಿದ್ದು ಅರ್ಧ ಮಾತ್ರ. ಸುಣ್ಣದ ಪುಡಿ ತಳಕ್ಕೆ ಕೂತ ಕಿತ್ತಳೆ ರಸದ ಬಾಟಲಿಗಳು ಕಾರ್ಖಾನೆಯಿಂದ ಹೊರಗೆ ಹೋಗದೆ ಉಳಿದವು, ಮ್ಯಾನೇಜರ್ ಮಹೇಶಕುಮಾರ ಖುಷಿಯಾಗಿ ನಾಳೆ ಎಲ್ಲರ ಎದುರು ಸನ್ಮಾನ ಮಾಡುತ್ತಾರೆ, ಇಷ್ಟು. ಉಳಿಸಿದವರು ಯಾರು ಎಂದು ಅವಳು ಕೇಳಲಿಲ್ಲ, ಕೇಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಬೆಳಿಗ್ಗೆ ತಂಗಿಗೆ ಫೋನ್ ಮಾಡಿ, "ಇವರು ಹೊತ್ತಿಗೆ ಸರಿಯಾಗಿ ನೋಡಿದ್ದಕ್ಕ ಆತು, ಇಲ್ಲಂದ್ರ ಕಂಪನಿ ಮರ್ಯಾದಿ ಬೀದಿಗೆ ಬರ್ತಿತ್ತು" ಎನ್ನುವುದು ಬಚ್ಚಲಮನೆಗೆ ಕೇಳಿಸಿತು. ಜಯತೀರ್ಥ ಬೇಕಿಲ್ಲದಿದ್ದರೂ ಇನ್ನೆರಡು ತಂಬಿಗೆ ನೀರು ಸುರಿದುಕೊಂಡ.

ಕಾರ್ಖಾನೆಯ ಕಡೆ ಹೋಗುವ ಇ.ಸಿ.ಐ.ಎಲ್. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಇಂಥ ದಿನ ನಿಂತು ಹೋಗುವುದೇ ವಾಸಿ, ಕೂತರೆ ಯೋಚನೆ ಹತ್ತುತ್ತದೆ. ನಿನ್ನೆ ಬೆಳಿಗ್ಗೆ ಅವನು ಮಾದರಿ ಬಾಟಲಿಗಳ ಕಪಾಟು ತೆಗೆದಿದ್ದ. ಪ್ರತಿ ಸಲ ತಯಾರಾದ ರಸದ ಎರಡು ಬಾಟಲಿ ಅಲ್ಲಿ ತಿಂಗಳುಗಟ್ಟಲೆ ಕೂತಿರುತ್ತವೆ. ಒಂದನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಉಗುರಿನಷ್ಟು ದಪ್ಪ ಬಿಳಿ. ಅಲ್ಲಾಡಿಸಿದ, ಎದ್ದಿತು, ಮತ್ತೆ ಕೂತಿತು. ಮೇಲಿನ ತಾರೀಖು ಒಂಬತ್ತು ದಿನದ ಹಿಂದಿನದು, ಏಕಾದಶಿಯದು. ಗೋದಾಮಿನ ಕಡೆ ಓಡಿದ್ದು ನೆನಪಿದೆ, ದಾರಿ ನೆನಪಿಲ್ಲ. ಬೇಗಂ ಬಜಾರಿನ ಸಗಟು ವ್ಯಾಪಾರಿಯ ಲಾರಿ ಅದೇ ಸಂಜೆ ತುಂಬಿಕೊಂಡು ಹೋಗಿತ್ತು. ಇಷ್ಟು ಹೊತ್ತಿಗೆ ಊರ ತುಂಬ ಅಂಗಡಿಗಳಲ್ಲಿ, ಮಕ್ಕಳ ಕೈಯಲ್ಲಿ, ಮೂಳೆ ಸವೆದ ಮುದುಕಿಯರ ತಲೆದಿಂಬಿನ ಪಕ್ಕದಲ್ಲಿ ಆ ಬಾಟಲಿಗಳು. ಅದರಿಂದ ಯಾರೂ ಸಾಯುವುದಿಲ್ಲ ಎಂದು ಓಡುತ್ತಲೇ ತನಗೆ ತಾನೇ ಹೇಳಿಕೊಂಡಿದ್ದ, ಗಂಟಲಿಗೆ ಮರಳು ಹತ್ತಿ ಕೆಮ್ಮುವ ಮಗುವನ್ನು ಓಡುತ್ತಲೇ ಕಂಡಿದ್ದ. ಗೋದಾಮಿನ ಹಿಂದಿನ ಮೂಲೆಗೆ ಹೋಗಿ ನಿಂತರೆ ಆ ತಾರೀಖಿನ ರಟ್ಟಿನ ಪೆಟ್ಟಿಗೆಗಳೆಲ್ಲ ಅಲ್ಲೇ ಇದ್ದವು. ಒಂದೊಂದು ಸಾಲಿಗೂ ಒಂದೊಂದು ಕೆಂಪು ಚೀಟಿ.

ಕೆಂಪು ಚೀಟಿ ಎಂದರೆ ಲ್ಯಾಬಿನವರು ಹೇಳುವವರೆಗೆ ಯಾರೂ ಮುಟ್ಟಕೂಡದು. ಅದನ್ನು ಕಟ್ಟುವ ಅಧಿಕಾರ ಲ್ಯಾಬು ನೋಡಿಕೊಳ್ಳುವ ಜಯತೀರ್ಥನೊಬ್ಬನಿಗೆ, ಚೀಟಿಗಳು ಇರುವುದೂ ಅವನ ಮೇಜಿನ ಖಾನೆಯಲ್ಲಿ. ಅವನು ಕಟ್ಟಿರಲಿಲ್ಲ. ಗೋದಾಮಿನವರು ಚೀಟಿ ನೋಡಿ, ಸಾಹೇಬರು ತಡೆದಿದ್ದಾರೆ ಅಂದುಕೊಂಡು, ಲಾರಿಗೆ ಹಳೆಯ ಮಾವಿನ ರಸ ತುಂಬಿ ಕಳಿಸಿದ್ದರು. ಚೀಟಿಗಳ ಮೇಲೆ ಕಾರಣ ಬರೆಯುವ ಜಾಗ ಖಾಲಿ ಇತ್ತು. ಬರೆಯಲು ಬಾರದವರು ಕಟ್ಟಿದ ಚೀಟಿ. ಅವನು ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟ, ಮೊದಲು ದೇವರ ಹೆಸರು ಬಾಯಿಗೆ ಬಂತು, ಅದರ ಹಿಂದೆಯೇ ಬಾಟಲಿ ನೋಡುವ ಸಾಲಿನ ಬಸಲಿಂಗಮ್ಮನ ಮುಖ. ತಾಯೀ, ಬದುಕಿಸಿದೆಯಲ್ಲ ಎಂದುಕೊಂಡ. ಅಷ್ಟರಲ್ಲಿ ಮಹೇಶಕುಮಾರ ಬಂದು, ತಳದ ಬಿಳಿ ನೋಡಿ, ಕೆಂಪು ಚೀಟಿ ನೋಡಿ, ಇವನ ಬೆನ್ನು ತಟ್ಟಿದ್ದ. "ಕಮಾಲ್ ಕರ್ ದಿಯಾ ಜಯತೀರ್ಥ್‌ಜೀ!" ಇವನು, "ಹಾಗೇನೂ ಇಲ್ಲ ಸಾರ್" ಎಂದ. ಅದು ಶುದ್ಧ ಸತ್ಯ. ಕೇಳಿದವರೆಲ್ಲ ಅದನ್ನು ವಿನಯ ಅಂದುಕೊಂಡರು, ಇವನು ಅವರನ್ನು ತಿದ್ದಲಿಲ್ಲ.

ಮೂಳೆಗೆ ಬಲವೆಂದು ಈ ಕಾರ್ಖಾನೆಯ ರಸಕ್ಕೆ ಕ್ಯಾಲ್ಸಿಯಂ ಬೆರೆಸುತ್ತಾರೆ, ಸಕ್ಕರೆಯಷ್ಟು ಸುಲಭವಾಗಿ ಅದನ್ನು ಸೇರಿಸಲಾಗುವುದಿಲ್ಲ. ನೇರವಾಗಿ ಸುರಿದರೆ ಕೆಸರು. ಮೊದಲು ಬೇರೆ ತೊಟ್ಟಿಯ ನೀರಿನಲ್ಲಿ ಎರಡು ಬಗೆಯ ಹುಳಿಯನ್ನು, ನಿಂಬೆಯಲ್ಲಿರುವುದೊಂದು, ಸೇಬಿನಲ್ಲಿರುವುದೊಂದು, ಪೂರಾ ಕರಗಿಸಿಕೊಳ್ಳಬೇಕು. ಆಮೇಲೆ ಕ್ಯಾಲ್ಸಿಯಂ ಕಾರ್ಬೋನೇಟಿನ ಬಿಳಿ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತ ಕಡೆಯಬೇಕು. ಬುಸುಬುಸು ನೊರೆ ಏಳುತ್ತದೆ. ನೊರೆ ಇಳಿದ ಮೇಲೂ ಕಾಯಬೇಕು, ಇಲ್ಲೇ ಮನುಷ್ಯ ಮೋಸಹೋಗುವುದು. ಸದ್ದು ನಿಂತಿತು ಎಂದರೆ ಕೆಲಸ ಮುಗಿಯಿತು ಎಂದು ಎಲ್ಲರಿಗೂ ಅನಿಸುತ್ತದೆ. ನೀರು ತಿಳಿಯಾಗುವ ತನಕ ಬಿಟ್ಟು, ಆಮೇಲೆ ಅದನ್ನು ರಸಕ್ಕೆ ಕೂಡಿಸಿ, ರುಚಿ ನೋಡಿ, ಕಾಯಿಸಿ, ಬಾಟಲಿಗೆ ತುಂಬಬೇಕು. ಅವಸರ ಮಾಡಿದರೆ ಕಾಯಿಸುವಾಗ ಗೊತ್ತಾಗುತ್ತದೆ. ಬಿಸಿಗೆ ಸಕ್ಕರೆ ಕರಗುತ್ತದೆ, ಇದರ ಬುದ್ಧಿ ತಿರುಗಾಮುರುಗಾ, ಬಿಸಿ ತಾಗಿದೊಡನೆ ಇನ್ನಷ್ಟು ಹೊರಬಿದ್ದು ನಿಧಾನವಾಗಿ ತಳಕ್ಕೆ ಕೂರುತ್ತದೆ. ಯಂತ್ರಗಳಿಗೆ ಇದು ತಿಳಿಯುವುದಿಲ್ಲ. ಕರಗಿರಲಿ ಬಿಡಲಿ, ಹಾಕಿದ್ದು ಒಳಗೆ ಇದೆಯಲ್ಲ, ಕ್ಯಾಲ್ಸಿಯಂ ಅಳತೆ ಸರಿಯಾಗಿಯೇ ಬರುತ್ತದೆ. ತಿಳಿಯುವುದು ನಾಲಿಗೆಗೆ. ಅದಕ್ಕೇ ತಪಾಸಣೆಯ ಕಾಗದದ ಕೊನೆಯ ಖಾನೆ ರುಚಿಯದು, ಅದರ ಮುಂದೆ ಜಯತೀರ್ಥನ ಸಹಿ.

ತಿಂಗಳಿಗೆ ಎರಡು ಸಲ ಆ ಸಹಿ ಸುಳ್ಳು. ಅಪ್ಪ ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಏಕಾದಶಿಯ ದಿನ ಅಂಚೆಚೀಟಿಗೆ ಕೂಡ ನಾಲಿಗೆ ಹಚ್ಚುತ್ತಿರಲಿಲ್ಲ. ಒದ್ದೆ ಬಟ್ಟೆಯ ತುಂಡೊಂದನ್ನು ಡಬ್ಬಿಯಲ್ಲಿಟ್ಟುಕೊಂಡು ಹೋಗುತ್ತಿದ್ದರು. ಜೊತೆಯವರು ನಗುತ್ತಿದ್ದರು, ಅಪ್ಪನೂ ಅವರೊಂದಿಗೆ ನಕ್ಕು ಒದ್ದೆ ಬಟ್ಟೆಯನ್ನೇ ಬಳಸುತ್ತಿದ್ದರು. ಅಂಥವರ ಮಗ ಹನ್ನೊಂದು ವರ್ಷದ ಹಿಂದೆ ಒಂದು ಏಕಾದಶಿ, ರುಚಿ ನೋಡಿ ಉಗುಳಬೇಕಾದ ರಸದ ಗ್ಲಾಸನ್ನು ತುಟಿಯ ಹತ್ತಿರ ಹಿಡಿದು, ಕಳ್ಳನ ಹಾಗೆ ಆ ಕಡೆ ಈ ಕಡೆ ನೋಡುತ್ತ ನಿಂತಿದ್ದ. ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುವ ಹೆಂಗಸರ ಸಾಲಿನಿಂದ ಎದ್ದು ಬಂದ ಬಸಲಿಂಗಮ್ಮ, "ಇವತ್ತ ನೀವು ಊಟದ ಡಬ್ಬಿ ತಂದಿಲ್ಲ. ಏಕಾದಶಿ ಐತಿ ಅಲ್ಲೇನ್ರೀ ಆಚಾರ್ರ? ತರ್ರಿ ಇಲ್ಲೆ" ಎಂದು ಗ್ಲಾಸು ಇಸಿದುಕೊಂಡು, ಗುಟುಕು ತೆಗೆದು ಬಾಯಲ್ಲಿ ಆಡಿಸಿ ಉಗುಳಿ, "ಛಲೋ ಐತಿ, ಬರಕೋರಿ" ಎಂದಿದ್ದಳು. "ನಿಮ್ಮ ದೇವರು ನಾಲಿಗಿ ಮ್ಯಾಲ ಕುಂತಾನ. ನಮ್ಮಾವ ಕೊಳ್ಳಾಗ ಅದಾನ, ಗುಟುಕ ಕುಡದ್ರ ಅವ ಏನೂ ಅನ್ನಂಗಿಲ್ಲ." ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು ನಕ್ಕಾಗ ಹಲ್ಲುಗಳ ಸಂದಿಯಲ್ಲಿ ಎಲೆಅಡಿಕೆಯ ಕೆಂಪು. ತೆಲುಗು ಹಿಂದಿಗಳ ಆ ಕಾರ್ಖಾನೆಯಲ್ಲಿ ಕನ್ನಡದ ಮಾತು ಅವರಿಬ್ಬರದೇ, ಗುಟ್ಟೂ ಅವರಿಬ್ಬರದೇ ಆಯಿತು. ಅಂದಿನಿಂದ ಏಕಾದಶಿಗಳಂದು ಆಕೆ ಬರುತ್ತಾಳೆ, ನೋಡುತ್ತಾಳೆ, ಗ್ಲಾಸು ತಾನೇ ತೊಳೆದಿಟ್ಟು ಹೋಗುತ್ತಾಳೆ. ಇಷ್ಟು ವರ್ಷ ಅವನ ಉಪವಾಸದ ಪುಣ್ಯದಲ್ಲಿ ಅರ್ಧ ಆಕೆಗೆ ಸಲ್ಲಬೇಕು ಎಂದು ಅವನು ಸುಹಾಸಿನಿಯ ಹತ್ತಿರವೂ ಹೇಳಿರಲಿಲ್ಲ.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಮುಂದಿನ ಸೀಟಿನ ಹೆಂಗಸು ಮಗುವಿಗೆ ಬಾಟಲಿಯಿಂದ ಏನೋ ಕುಡಿಸುತ್ತಿದ್ದಳು, ಬರಿ ನೀರು. ಜಯತೀರ್ಥ ಅದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ. ಆ ಏಕಾದಶಿಯ ದಿನವೂ ಬಸಲಿಂಗಮ್ಮ ಗುಟುಕು ತೆಗೆದುಕೊಂಡಿದ್ದಳು, ಉಗುಳಿದ್ದಳು, ಮತ್ತೊಂದು ಗುಟುಕು ತೆಗೆದುಕೊಂಡಿದ್ದಳು. "ಆಚಾರ್ರ, ಹಿಂದಿಂದ ನಾಲಿಗಿಗೆ ಸುಣ್ಣ ಹತ್ತಾಕತ್ತೈತಿ. ಕರಗಿಲ್ರೀ ಇದು." ಲಾರಿ ಗೇಟಿನಲ್ಲಿ ಹಾರ್ನ್ ಹಾಕುತ್ತಿತ್ತು. ಹಸಿವಿಗೆ ಅವನ ತಲೆ ಸಿಡಿಯುತ್ತಿತ್ತು, ಅಳತೆಗಳೆಲ್ಲ ಸರಿಯಾಗಿದ್ದವು. ಅವನು ಕನ್ನಡದಲ್ಲೇ ಹೇಳಬಹುದಿತ್ತು. ಸುಮ್ಮನಿರಬಹುದಿತ್ತು. ಸಾಲಿನ ಹುಡುಗಿಯರೆಲ್ಲ ಇತ್ತ ನೋಡುತ್ತಿದ್ದರು. ಆಕೆ ಹೇಳುತ್ತಾಳೆ, ಇವನು ಕೇಳುತ್ತಾನೆ ಎಂದು ಅವರು ತಿಳಿಯಬಾರದಲ್ಲ. ತೆಲುಗಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟ: "ರೋಜೂ ಸುನ್ನಂ ತಿನೇ ನಾಲಿಕಕು ಅನ್ನೀ ಸುನ್ನಂ ಲೆಕ್ಕನೇ ಉಂಟಯ್!" ದಿನಾ ಸುಣ್ಣ ತಿನ್ನುವ ನಾಲಿಗೆಗೆ ಎಲ್ಲವೂ ಸುಣ್ಣವೇ. ಹುಡುಗಿಯರು ಕಿಸಕ್ಕನೆ ನಕ್ಕರು. ಬಸಲಿಂಗಮ್ಮ ಗ್ಲಾಸು ತೊಳೆದಿಟ್ಟು ತನ್ನ ಜಾಗಕ್ಕೆ ಹೋಗಿ ಕೂತಳು. ಇವನು ರುಚಿಯ ಖಾನೆಯಲ್ಲಿ ಸಹಿ ಹಾಕಿದ.

ಆಮೇಲೆ ಯಾವಾಗಲೋ ಆಕೆ ಎದ್ದು, ಅವನ ಮೇಜಿನ ಖಾನೆ ತೆಗೆದು, ಚೀಟಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋದಾಮಿಗೆ ಹೋಗಿರಬೇಕು. ಸಿಕ್ಕಿಬಿದ್ದಿದ್ದರೆ ಅಂದೇ ಗೇಟಿನ ಹೊರಗೆ. ಹೇಗಿದ್ದರೂ ಈ ತಿಂಗಳ ಕೊನೆಗೆ ಬಾಟಲಿ ನೋಡುವ ಕ್ಯಾಮೆರಾ ಯಂತ್ರ ಬರುತ್ತದೆ, ಸಾಲಿನಿಂದ ತೆಗೆಯುವವರ ಪಟ್ಟಿಯಲ್ಲಿ ಮೊದಲ ಹೆಸರು ಆಕೆಯದೇ, ವಯಸ್ಸು ಐವತ್ತೆಂಟು. ಪಟ್ಟಿಯನ್ನು ಜಯತೀರ್ಥ ಕಣ್ಣಾರೆ ಕಂಡಿದ್ದ. ಆಕೆಗೂ ಗೊತ್ತಿತ್ತು. ಅವಮಾನ ಮಾಡಿದವನನ್ನು ಉಳಿಸಲು, ಹೇಗೂ ಕಳೆದುಕೊಳ್ಳಲಿರುವ ಕೆಲಸವನ್ನು ಇನ್ನೂ ಮೊದಲೇ ಕಳೆದುಕೊಳ್ಳಲು ತಯಾರಾಗಿ ಹೋಗಿದ್ದಳಲ್ಲ. ಅವನಿಗೆ ಕೈ ಮುಗಿಯಬೇಕು ಅನಿಸುತ್ತಿತ್ತು. ಮುಗಿದರೆ ಯಾಕೆ ಎಂದು ಜನ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ಹನ್ನೊಂದು ವರ್ಷದ ಏಕಾದಶಿಗಳೆಲ್ಲ ಮೇಜಿನ ಮೇಲೆ ಬರುತ್ತವೆ. ಕುಷಾಯಿಗೂಡದ ಸ್ಟಾಪು ಬಂತು. ಇಳಿದ.

ಹತ್ತು ಗಂಟೆಗೆ ಅಂಗಳದಲ್ಲಿ ಎಲ್ಲರೂ ಸೇರಿದರು. ಬಲೆಟೋಪಿಯ ಹೆಂಗಸರು ಎರಡನೆಯ ಸಾಲಿನಲ್ಲಿ, ಬಸಲಿಂಗಮ್ಮ ಕೊನೆಯಲ್ಲಿ, ಕೈ ಕಟ್ಟಿಕೊಂಡು. ಶಾಲು ಮರೂನ್ ಬಣ್ಣದ್ದೇ ಆಗಿತ್ತು. ಮಹೇಶಕುಮಾರ ಹಿಂದಿಯಲ್ಲಿ, ನಡುನಡುವೆ ತೆಲುಗಿನಲ್ಲಿ ಮಾತನಾಡಿದರು. ಸಹಿ ಹಾಕಿದ ಮೇಲೂ ಅನುಮಾನ ಬಿಡದೆ ಮಾಲು ತಡೆಯುವ ಎದೆಗಾರಿಕೆ ಎಷ್ಟು ಜನರಿಗಿದೆ ಎಂದರು. ಚಪ್ಪಾಳೆ. ಜಯತೀರ್ಥ ಬಸಲಿಂಗಮ್ಮನ ಕಡೆ ನೋಡಿದ. ಆಕೆಯೂ ಚಪ್ಪಾಳೆ ತಟ್ಟುತ್ತಿದ್ದಳು, ಕೊಂಕಿಲ್ಲದೆ, ಮನೆಯ ಹುಡುಗ ಪಾಸಾದಾಗ ತಟ್ಟುವಂತೆ. ಅದನ್ನು ಅವನಿಗೆ ತಡೆಯಲಾಗಲಿಲ್ಲ. ಆಕೆ ಮುಖ ತಿರುಗಿಸಿಕೊಂಡಿದ್ದರೆ ಬಹುಶಃ ಅವನು ಶಾಲು ಹೊದ್ದುಕೊಂಡು ಮನೆಗೆ ಹೋಗಿಬಿಡುತ್ತಿದ್ದ. ಮೈಮೇಲೆ ಬೀಳಲಿದ್ದ ಬಟ್ಟೆಯನ್ನು ಕೈಯಿಂದ ಹಿಡಿದು, "ಸಾರ್, ಚೀಟಿ ಕಟ್ಟಿದ್ದು ನಾನಲ್ಲ" ಎಂದ. ತನ್ನ ಹರಕುಮುರುಕು ಹಿಂದಿಯಲ್ಲಿ ಉಳಿದದ್ದನ್ನೂ ಹೇಳಿದ. ತಾನು ರುಚಿ ನೋಡಿರಲಿಲ್ಲ. ಏಕಾದಶಿಗಳಂದು ಎಂದೂ ನೋಡಿಲ್ಲ. ನೋಡುತ್ತಿದ್ದದ್ದು ಬಸಲಿಂಗಮ್ಮ. ಅವತ್ತು ಆಕೆ ಬೇಡ ಎಂದಳು, ತಾನು ಆಕೆಯನ್ನು ಎಲ್ಲರೆದುರು ಹೀಯಾಳಿಸಿ ಸಹಿ ಹಾಕಿದೆ. ಉಳಿಸಿದವಳು ಆಕೆ.

ಮಹೇಶಕುಮಾರ ಶಾಲನ್ನು ತೋಳಿನ ಮೇಲೆ ಹಾಕಿಕೊಂಡು ಬಸಲಿಂಗಮ್ಮನನ್ನು ಮುಂದೆ ಕರೆದರು. ಆಕೆ ಬಂದವಳೇ ತೆಲುಗಿನಲ್ಲಿ, ಸಾಹೇಬರೇ ಕಟ್ಟು ಅಂದರು, ನಾನು ಕಟ್ಟಿದೆ, ನನಗೆ ಬೇರೇನೂ ಗೊತ್ತಿಲ್ಲ ಎಂದಳು. ಜಯತೀರ್ಥನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಯಾಕ ಹಿಂಗ ಮಾಡಾಕತ್ತೀರಿ? ಹೆಂಡ್ರು ಮಕ್ಕಳು ಇಲ್ಲೇನು ನಿಮಗ?" ಎಂದಳು.

"ಬಸಲಿಂಗಮ್ಮ, ನಿಮ್ಮ ಕಾಲಿಗೆ ಬೀಳ್ತೇನಿ, ಖರೇ ಹೇಳ್ರಿ."

"ನಂದೇನ್ರೀ, ತಿಂಗಳಾತಂದ್ರ ಮನಿಗೆ ಹೋಗಾಕಿ. ನೀವು ಇರಬೇಕಾದವ್ರು."

"ನಮ್ಮ ಅವ್ವ ಬೀದರದಾಕಿ" ಎಂದರು ಮಹೇಶಕುಮಾರ ಇದ್ದಕ್ಕಿದ್ದ ಹಾಗೆ. "ನನಗೂ ಕನ್ನಡ ತಿಳೀತೈತಿ. ಇಬ್ಬರೂ ಒಳಗ ಬರ್ರಿ."

ಒಳಗೆ ಅವರು ಬೈದರು. ಹನ್ನೊಂದು ವರ್ಷ ಸುಳ್ಳು ಸಹಿ ಎಂದರು, ಕೆಲಸ ಹೋದರೂ ಕೇಳುವಂತಿಲ್ಲ ಎಂದರು, ಉಪವಾಸ ಇದೆ ಎಂದು ಒಂದು ಮಾತು ಹೇಳಿದ್ದರೆ ಆ ದಿನಕ್ಕೆ ಬೇರೆಯವರನ್ನು ಹಾಕುತ್ತಿರಲಿಲ್ಲವೇ ಎಂದರು. ಅದು ಇಷ್ಟು ಸರಳ ಎಂದು ಜಯತೀರ್ಥನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಕೇಳಿದರೆ ನಗುತ್ತಾರೆ ಎಂದು ಅವನು ಹೆದರಿದ್ದ, ಅಪ್ಪ ಹೆದರಿರಲಿಲ್ಲ, ವ್ಯತ್ಯಾಸ ಅಷ್ಟೇ. ಬೈಗುಳ ಬೀಳುತ್ತಿದ್ದಂತೆ ಅವನಿಗೆ ಹಗುರವಾಗುತ್ತಿತ್ತು. ಆಮೇಲೆ ಮಹೇಶಕುಮಾರ ಮೂರು ಸ್ಟೀಲಿನ ಲೋಟ ತರಿಸಿ, ಕೆಟ್ಟ ಬಾಟಲಿಯ ರಸವನ್ನು ಒಳ್ಳೆಯದಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಬೆರೆಸಿ, ತಮಗೂ ಕಾಣದಂತೆ ಹುಡುಗನೊಬ್ಬನಿಂದ ಒಂದು ಲೋಟದಲ್ಲಿ ಹಾಕಿಸಿದರು. ಉಳಿದೆರಡರಲ್ಲಿ ಒಳ್ಳೆಯದು. ಬೇರೆಯಾದ ಲೋಟ ಯಾವುದು ಹೇಳಬೇಕು. ಮೊದಲು ತಾವೇ ಕುಡಿದು ತಪ್ಪು ಹೇಳಿದರು. ಬಸಲಿಂಗಮ್ಮ ಸರಿಯಾಗಿ ಹೇಳಿದಳು. ಲೋಟಗಳ ಜಾಗ ಬದಲಿಸಿ ಕೊಟ್ಟರು, ಮತ್ತೆ ಸರಿ. "ಈಗ ನೀವು" ಎಂದು ಜಯತೀರ್ಥನ ಕಡೆ ಸರಿಸಿದರು. ಇವತ್ತು ಯಾವ ಉಪವಾಸವೂ ಇರಲಿಲ್ಲ. ಅವನು ಒಂದೊಂದನ್ನೂ ಎರಡೆರಡು ಸಲ ನೋಡಿ, ಕಣ್ಣು ಮುಚ್ಚಿ ಯೋಚಿಸಿ, ನಡುವಿನದು ಎಂದ. ತಪ್ಪು. ಮತ್ತೊಮ್ಮೆ ನೋಡಿದ. ಮತ್ತೆ ತಪ್ಪು. ಏಕಾದಶಿ ಅಲ್ಲದಿದ್ದರೂ, ಹೊಟ್ಟೆ ತುಂಬಿದ್ದರೂ, ಮನಃಪೂರ್ವಕ ರುಚಿ ನೋಡಿಯೇ ಆ ರಸವನ್ನು ಅವನು ಪಾಸು ಮಾಡುತ್ತಿದ್ದ. ಇಷ್ಟು ದಿನ ತನ್ನ ತಪ್ಪಿಗೆ ಉಪವಾಸ ಕಾರಣ ಎಂದು ಕೊರಗುತ್ತ, ಆ ಕೊರಗಿನಲ್ಲೂ ಒಂದಿಷ್ಟು ಹೆಮ್ಮೆ ಇಟ್ಟುಕೊಂಡಿದ್ದನಲ್ಲ ಎಂದು ನಾಚಿಕೆಯಾಯಿತು. ಏಕಾದಶಿಗಳಂದು ಕಾರ್ಖಾನೆ ಒಳ್ಳೆಯ ಕೈಯಲ್ಲಿತ್ತು, ಉಳಿದ ದಿನಗಳಂದು ಹೇಗೋ ನಡೆದಿತ್ತು.

"ರುಚಿ ನೋಡುವವರು ಎಲಿ, ತಂಬಾಕು ಹಾಕೋವಂಗಿಲ್ಲ" ಎಂದರು ಮಹೇಶಕುಮಾರ, ಹೊಸ ಕಾಗದ ತೆಗೆಯುತ್ತ. "ನೀ ಬಿಡ್ತೀ ಏನವ್ವಾ?"

"ಬಿಟ್ಟು ಹನ್ನೊಂದು ವರ್ಷಾತ್ರೀ."

ಜಯತೀರ್ಥ ತಲೆ ಎತ್ತಿದ.

"ಆಚಾರ್ರು ನಂಬಿ ಗ್ಲಾಸ ಕೊಡ್ತಿದ್ರು. ಸುಣ್ಣ ತಿಂದ ಬಾಯಿಲೆ ಸುಣ್ಣ ಹ್ಯಾಂಗ ಗೊತ್ತಾಗಬೇಕ್ರೀ? ಹಂಗಂತ ಬಿಟ್ಟೆ. ಹಲ್ಲಿನ ಕೆಂಪ ಹೋಗಂಗಿಲ್ಲ, ಅದು ಹಳೇದು." ದೂರುವ ದನಿಯಲ್ಲ, ಬಸ್ಸಿನ ಹೊತ್ತು ಹೇಳುವಂತೆ ಹೇಳಿದಳು. ಅವತ್ತೇ ಈ ಮಾತು ಹೇಳಿ ಅವನ ಬಾಯಿ ಮುಚ್ಚಿಸಬಹುದಿತ್ತು, ಹುಡುಗಿಯರು ಅವನನ್ನು ನೋಡಿ ನಗುತ್ತಿದ್ದರು. ಆಕೆ ಸುಮ್ಮನೆ ಗ್ಲಾಸು ತೊಳೆದಿದ್ದಳು. ಜಯತೀರ್ಥನಿಗೆ ಕಣ್ಣಲ್ಲಿ ನೀರು ಬಂತು, ಮ್ಯಾನೇಜರರ ಎದುರು, ಐವತ್ಮೂರರ ಗಂಡಸಿಗೆ. ಒರೆಸಿಕೊಳ್ಳಲು ಅಂಗಿಯ ತೋಳು ಸಾಕಾಯಿತು. "ತಪ್ಪಾತು ಬಸಲಿಂಗಮ್ಮ" ಎಂದ. "ನೀವು ಇದ್ದೀರಿ ಅಂತ ನಾ ಉಳದೆ." ಆಕೆ, "ಆತು ಬಿಡ್ರಿ, ಕೂಸಿನಂಗ ಅಳಬ್ಯಾಡ್ರಿ" ಎಂದಳು. ಅವನ ಬಡ್ತಿ ಎರಡು ವರ್ಷ ನಿಂತಿತು. ರುಚಿಯ ಖಾನೆ ಅವನ ಕೈ ಬಿಟ್ಟಿತು. ತೆಗೆಯುವವರ ಪಟ್ಟಿಯಲ್ಲಿ ಮೊದಲ ಹೆಸರಿನ ಮೇಲೆ ಮಹೇಶಕುಮಾರ ಗೆರೆ ಎಳೆದರು. ಶಾಲು ಕುರ್ಚಿಯ ಬೆನ್ನಿನ ಮೇಲೆ ಇತ್ತು. ಅದನ್ನು ಕೊಡಲು ಹೋದರೆ ಬಸಲಿಂಗಮ್ಮ, ಈ ಸೆಕೆಗೆ ಇದನ್ನು ಯಾರು ಹೊದ್ದುಕೊಳ್ಳುತ್ತಾರೆ ಎಂದು ನಕ್ಕು, ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನ ಹೊಸ ರಸ ಹಾಕಿದರು. ಹುಳಿ ಕರಗಿತು, ಪುಡಿ ಬಿತ್ತು, ನೊರೆ ಎದ್ದು ಇಳಿಯಿತು. ಕಾಯಿಸುವ ಯಂತ್ರದವರು ಕೈ ಬೀಸಿ ಅವಸರ ಮಾಡುತ್ತಿದ್ದರು, ಬೇಗಂ ಬಜಾರಿನ ಲಾರಿ ಗೇಟಿನಲ್ಲಿತ್ತು. ಜಯತೀರ್ಥ ಅಳತೆಗಳನ್ನೆಲ್ಲ ನೋಡಿ, ಎಲ್ಲ ಸರಿ ಇದೆ ಎಂದು ಬರೆದು, ಗ್ಲಾಸು ತುಂಬಿ ಬಸಲಿಂಗಮ್ಮನಿಗೆ ಕೊಟ್ಟ. ಆಕೆ ಗುಟುಕು ತೆಗೆದು ಬಾಯಲ್ಲಿ ಆಡಿಸಿದಳು, ಉಗುಳಿದಳು, ಮತ್ತೊಂದು ಗುಟುಕು. ಸಾಲಿನ ಹುಡುಗಿಯರು ಕೈಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಇನ್ನೊಂದ ಹತ್ತು ನಿಮಿಷ ನಿಂದರ್ರಿ" ಎಂದಳು.

"ಆಗಂಡಿ!" ಎಂದು ಜಯತೀರ್ಥ ಯಂತ್ರದವರಿಗೆ ಕೂಗಿದ. ನಿಲ್ಲಿಸಿ ಎಂದು ಅಷ್ಟು ಜೋರಾಗಿ ಅವನು ಆ ಕಾರ್ಖಾನೆಯಲ್ಲಿ ಎಂದೂ ಕೂಗಿರಲಿಲ್ಲ. "ಬಸಲಿಂಗಮ್ಮಗಾರು ಚೆಪ್ಪಿಂಡ್ರು!" ಬಸಲಿಂಗಮ್ಮನವರು ಹೇಳಿದ್ದಾರೆ ಎಂದು, ಹೆಸರಿಗೆ ಮರ್ಯಾದೆಯ ಗಾರು ಹಚ್ಚಿ.

"ಗಾರು ಗೀರು ಎಲ್ಲಾ ಬ್ಯಾಡ್ರಿ" ಎಂದಳು ಬಸಲಿಂಗಮ್ಮ, ಗಡಿಯಾರ ನೋಡುತ್ತ. "ಈ ಗ್ಲಾಸ ತೊಳಕೊಂಡ ಬರ್ರಿ ಮೊದಲ. ಮತ್ತ ನೋಡಬೇಕು."

ಕೈ ಚಾಚಿ ಇಸಿದುಕೊಂಡ. ಮನೆಯಲ್ಲಿ ಹೆಂಡತಿಯ ಎಂಜಲು ಲೋಟವನ್ನೂ ಅವನು ಎಂದೂ ತೊಳೆದವನಲ್ಲ. ನಲ್ಲಿಯ ಹತ್ತಿರ ಹೋಗಿ, ತೋಳು ಮಡಚಿ, ಆಕೆಯ ತುಟಿ ತಾಗಿದ ಅಂಚನ್ನು ಬೆರಳಿನಿಂದ ಉಜ್ಜಿ ತೊಳೆದ.